ಮೂಲೆಮನೆಯ ಗೇಟು

ಮೊನ್ನೆ ಭಾನುವಾರ ಬೆಳಿಗ್ಗೆ ಜಕ್ಕೂರು ಕೆರೆಯ ಕಡೆ ವಾಕಿಂಗ್ ಹೋಗಿದ್ದವಳು ಎಳನೀರು ಕುಡಿಯಲು ನಿಂತೆ. ಮಾರುವವಳು ಬೋರಲು ಹಾಕಿದ ನೀಲಿ ಬಣ್ಣದ ಹಾಲಿನ ಕ್ರೇಟಿನ ಮೇಲೆ ಕೂತಿದ್ದಳು. ಅಂಥ ಕ್ರೇಟುಗಳು ಊರ ತುಂಬ ಇವೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಇದರ ಒಂದು ಮೂಲೆಗೆ ಕೆಂಪು ರವಿಕೆ ಬಟ್ಟೆಯ ಚೂರೊಂದನ್ನು ಗಂಟು ಹಾಕಿ ಕಟ್ಟಿತ್ತು. ಬಣ್ಣ ಮಾಸಿತ್ತು, ಗಂಟು ಹಾಗೇ ಇತ್ತು. ಎಳನೀರು ಕೆಳಗಿಟ್ಟು ಬಗ್ಗಿ ಆ ಗಂಟನ್ನೇ ನೋಡಿದೆ.

"ಈ ಕ್ರೇಟು ಯಾರದಮ್ಮಾ?" ಎಂದೆ.

"ನಮ್ಮತ್ತೇದು ಮೇಡಂ. ಅಲ್ಲಾಳಸಂದ್ರದ ಕಡೆ ಆಲು ಆಕ್ತಿದ್ರು. ಓದ್ ವರ್ಷ ತೀರ್ಕೊಂಡ್ರು," ಎಂದಳು, ಕತ್ತಿ ಪಕ್ಕಕ್ಕಿಡುತ್ತ.

ಆಕೆ ಇಲ್ಲೇ ಎಲ್ಲೋ ಇದ್ದಾಳೆ, ಒಂದು ದಿನ ಹೋಗಿ ಮಾತಾಡಿದರಾಯಿತು, ಅವಸರವೇನು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಎಷ್ಟು ಸುಲಭವಾಗಿ ಹೇಳಿಕೊಂಡಿದ್ದೆ, ಛೆ!

ಅಲ್ಲಾಳಸಂದ್ರದ ನಮ್ಮ ಬೀದಿಗೆಲ್ಲ ಆಕೆ ಹಾಲಿನಮ್ಮ. ಬೆಳಿಗ್ಗೆ ಐದೂವರೆಗೆಲ್ಲ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕ್ರೇಟು. ಬೂತಿನಲ್ಲಿ ಬೇರೆಯವರ ಕ್ರೇಟಿನ ಜೊತೆ ಅದಲುಬದಲಾಗದಿರಲಿ ಎಂದು ಆ ಕೆಂಪು ಬಟ್ಟೆ. ಆಕೆಗೆ ಯಾವ ಮನೆಯವರ ಹೆಸರೂ ಬೇಕಿರಲಿಲ್ಲ. ಮನೆಗಳನ್ನೆಲ್ಲ ಅಲ್ಲಿನ ನಾಯಿ ಬೆಕ್ಕುಗಳಿಂದಲೇ ಗುರುತಿಟ್ಟುಕೊಂಡಿದ್ದಳು. ಕುಂಟನ ಮನೆಗೆ ಎರಡು ಪ್ಯಾಕೆಟ್ಟು, ಬೊಗಳೋ ಬಿಳಿಯನ ಮನೆಗೆ ಒಂದು, ಮೂರು ಬೆಕ್ಕಿನ ಮನೆಗೆ ಮೂರು. ಮೂಲೆಮನೆಯ ಮುದಿ ನಾಯಿ ಬ್ರೂನೋ ಆಕೆಯ ಬಾಯಲ್ಲಿ ಬೂನಣ್ಣ. ಪ್ರಾಣಿಯೇ ಇಲ್ಲದ ನಮ್ಮ ಮನೆಗೆ ಏನನ್ನುತ್ತಿದ್ದಳು ಎಂದು ಪೇಪರಿನವನಿಂದ ತಿಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಗೇಟಮ್ಮನ ಮನೆ!

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊರಿಯರ್‌ನವನಿರಲಿ, ಗ್ಯಾಸಿನವನಿರಲಿ, ಸ್ವಂತ ತಮ್ಮನೇ ಇರಲಿ, ಬಂದವರು ಗೇಟು ತೆರೆದಿಟ್ಟು ಹೋದರೆ ನಾನು ಬಾಲ್ಕನಿಯಿಂದ "ಗೇಟ್ ಹಾಕ್ರೀ!" ಎಂದು ಕೂಗುತ್ತಿದ್ದೆ. ಬೀದಿನಾಯಿಗಳು ಒಳಗೆ ನುಗ್ಗುತ್ತವೆ, ಕುಂಡಗಳನ್ನು ಕೆಡಹುತ್ತವೆ ಎಂಬ ಭಯ. ಬೀದಿಯಲ್ಲಿ ನಡೆಯುವಾಗ ಬೇರೆಯವರ ಗೇಟು ತೆರೆದಿದ್ದರೂ ಎಳೆದು ಚಿಲಕ ಹಾಕಿಯೇ ಮುಂದೆ ಹೋಗುತ್ತಿದ್ದೆ. ಹಾಲಿನಮ್ಮನಿಗೂ ನನಗೂ ಇದೇ ದಿನದ ಜಗಳ.

"ಎರಡು ಕೈಯಾಗೂ ಆಲೈತೆ ಗೇಟಮ್ಮಾ, ಕಾಲಾಗೆ ಚಿಲಕ ಆಕ್ಲಾ?" ಎಂದು ಮುಖಕ್ಕೇ ಕೇಳಿದ್ದಳು ಒಂದು ಸಲ.

ಆ ಮಳೆಗಾಲದ ಬೆಳಿಗ್ಗೆ... ಹಿಂದಿನ ಸಂಜೆಯಿಂದ ಸುರಿದ ಮಳೆ ನಿಂತಿರಲೇ ಇಲ್ಲ. ಆರು ಗಂಟೆಗೆ ಬಾಗಿಲು ತೆಗೆದರೆ ಕೆಳಗಿನ ಕ್ರಾಸಿನಲ್ಲಿ ಮೊಣಕಾಲುದ್ದ ಕೆಂಪು ನೀರು. ಕೆರೆ ತುಂಬಿ ರಾಜಕಾಲುವೆ ಉಕ್ಕುತ್ತಿತ್ತು. ಹಾಲಿನಮ್ಮ ನಮ್ಮ ಮಹಡಿ ಮೆಟ್ಟಿಲ ಮೇಲೆ ಹಾಲಿನ ಪ್ಯಾಕೆಟ್ಟುಗಳನ್ನೆಲ್ಲ ಸುರಿದು, ಖಾಲಿ ಕ್ರೇಟು ಎತ್ತಿಕೊಂಡಳು.

"ಆಲು ಆಮೇಲೆ. ಮೋರಿ ಕೆಳಗೆ ನಾಯಿ ಒಂದು ಮರಿ ಆಕೈತೆ. ಕಟ್ಟಾಕಿರೋವ್ನೆಲ್ಲ ಬಿಚ್ಬೇಕು. ಬನ್ನಿ, ಒಂದ್ ಕೈ ಆಕಿ," ಎಂದಳು.

ಅದುವರೆಗೆ ನಾಯಿಯನ್ನು ಮುಟ್ಟಿದವಳೇ ಅಲ್ಲ ನಾನು. ಆಕೆಯ ದನಿಯಲ್ಲಿ ಏನಿತ್ತೋ, ಕೊಡೆ ಹಿಡಿದು ಹಿಂದೆ ಹೊರಟೆ. ಮೊದಲು ಮೋರಿಯ ಕೆಳಗಿನ ಮರಿಗಳನ್ನು ಕ್ರೇಟಿಗೆ ತುಂಬಿಕೊಂಡಳು. ಮನೆಯಲ್ಲಿದ್ದವರನ್ನು ಕೂಗಿ ಎಬ್ಬಿಸಿದಳು. ಊರಿಗೆ ಹೋದವರ ಮನೆಗೆ ತಾನೇ ನುಗ್ಗಿದಳು. ಸರಪಳಿ ಬಿಚ್ಚುವುದು, ಗೇಟು ಪೂರ್ತಿ ತೆರೆದಿಡುವುದು, "ಓಡು ಮೇಲಕ್ಕೆ" ಎಂದು ಬೆನ್ನು ತಟ್ಟುವುದು. ಆ ನಾಯಿಗಳು ನಿಜವಾಗಿಯೂ ಮೇನ್ ರೋಡಿನ ಕಡೆ ಓಡಿದವು ನೋಡಿ! ನನಗೆ ಆಶ್ಚರ್ಯವೋ ಆಶ್ಚರ್ಯ.

ಮೂಲೆಮನೆಯವರು ಮದುವೆಗೆಂದು ತುಮಕೂರಿಗೆ ಹೋಗಿದ್ದರು. ಬ್ರೂನೋಗೆ ಅನ್ನ ಹಾಕುವ ಕೆಲಸವನ್ನು ಹಾಲಿನಮ್ಮನಿಗೇ ವಹಿಸಿದ್ದರು. ವರ್ಷ ವರ್ಷವೂ ಡಾಂಬರು ಸುರಿದು ಸುರಿದು ರಸ್ತೆ ಮೇಲೇರಿ ಆ ಮನೆ ತಗ್ಗಿಗೆ ಬಿದ್ದಿತ್ತು. ಸರಪಳಿ ಬಿಚ್ಚಿದರೂ ಬ್ರೂನೋ ಗುಡುಗಿಗೆ ಹೆದರಿ ಕಾರಿನ ಕೆಳಗೆ ಸೇರಿಕೊಂಡಿತು. ಎಷ್ಟು ಕರೆದರೂ ಬರಲಿಲ್ಲ.

"ಇರ್ಲಿ ಬಿಡಿ, ಗೇಟು ತೆಗ್ದೈತೆ. ನೀರು ಒಟ್ಟೆಗೆ ತಾಕಿದ್ರೆ ಅದೇ ಎದ್ದು ಬತ್ತದೆ," ಎಂದು ಮರಿಗಳಿದ್ದ ಕ್ರೇಟನ್ನು ತಲೆಗೇರಿಸಿಕೊಂಡು ಆಕೆ ಮುಂದೆ ನಡೆದಳು. ನಾನು ಹಿಂದೆ ಬಂದೆ.

ಮೇನ್ ರೋಡಿನ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಮರಿಗಳನ್ನಿಟ್ಟು ತಿರುಗಿ ನೋಡುವಷ್ಟರಲ್ಲಿ ನಮ್ಮ ಬೀದಿಯೇ ಕಾಲುವೆಯಾಗಿತ್ತು. ಎದೆಮಟ್ಟ ನೀರು, ಸೆಳೆತ ಬೇರೆ. ಯಾರೂ ಇಳಿಯುವ ಹಾಗಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಪ್ರಾಣಿಗಳನ್ನು ಕಾಪಾಡಲೆಂದೇ ಹೊರಟಿದ್ದ ನಾಲ್ಕು ಜನ ಸ್ವಯಂಸೇವಕರು ರಬ್ಬರ್ ದೋಣಿ ತಂದರು. ಯಾವ ಮನೆಯಲ್ಲಿ ಏನಿದೆ ಎಂದು ಅವರು ಕೇಳಿದರೆ ಹಾಲಿನಮ್ಮ ಉಸಿರು ತೆಗೆದುಕೊಳ್ಳದೆ ಹೇಳಿದಳು. ಬಿಡಿಸಿದ್ದ ನಾಯಿಗಳೆಲ್ಲ ಮೆಟ್ಟಿಲ ಹತ್ತಿರವೇ ನಡುಗುತ್ತ ನಿಂತಿದ್ದವು. ಆಕೆ ಒಂದೊಂದನ್ನೇ ಮುಟ್ಟಿ ನೋಡಿದಳು.

"ಬೂನಣ್ಣ ಎಲ್ಲಿ?" ಎಂದಳು.

ದೋಣಿಯವರು ಮನೆ ತೋರಿಸಲು ನಮ್ಮಿಬ್ಬರನ್ನೂ ಹತ್ತಿಸಿಕೊಂಡರು. ಮೂಲೆಮನೆಯ ಕಾಂಪೌಂಡು ತೊಟ್ಟಿಯ ಹಾಗೆ ತುಂಬಿತ್ತು. ಗೇಟಿನ ಸರಳುಗಳ ಮೇಲ್ತುದಿ ಮಾತ್ರ ಕಾಣುತ್ತಿತ್ತು. ಅದರ ಒಳಮಗ್ಗುಲಲ್ಲಿ ಕಂದು ಬಣ್ಣದ ಬೆನ್ನು. ಮುಂಗಾಲೆರಡೂ ಗೇಟಿನ ಸರಳುಗಳ ನಡುವಿನಿಂದ ಹೊರಗೆ ಚಾಚಿಕೊಂಡಿದ್ದವು... ನಾನು ಕಣ್ಣು ಮುಚ್ಚಿಕೊಂಡೆ. ಸ್ವಯಂಸೇವಕರಲ್ಲಿ ಒಬ್ಬ ಹುಡುಗಿ ನೀರಿನೊಳಗೆ ಕೈ ಇಳಿಸಿ ತಡಕಾಡಿದಳು.

"ಚಿಲಕ ಹಾಕಿದೆ ಕಣ್ರೀ! ಯಾರ್ರೀ ಹಾಕಿದ್ದು?" ಎಂದು ಕಿರುಚಿದಳು.

ಕೈ ಚಾಚಿದ್ದಾಗಲಿ, ಗೇಟು ಎಳೆದದ್ದಾಗಲಿ ನನಗೆ ಇವತ್ತಿಗೂ ನೆನಪಿಲ್ಲ, ದೇವರಾಣೆ. ನೆನಪಿರುವುದು ಶಬ್ದ ಒಂದೇ. ಮಳೆಯ ನಡುವೆ, ಬೆನ್ನ ಹಿಂದೆ, ಟಣ್ ಎಂದು ಚಿಲಕ ಬಿದ್ದ ಶಬ್ದ. ದಿನಾ ಕೇಳುವ ಶಬ್ದವಾದ್ದರಿಂದ ಆಗ ಏನೂ ಅನ್ನಿಸಿರಲಿಲ್ಲ.

ಹಾಲಿನಮ್ಮ ಒಂದೇ ಒಂದು ಸಲ ನನ್ನ ಮುಖ ನೋಡಿದಳು. ಬೈಯುತ್ತಾಳೆ, ಕ್ಯಾಕರಿಸಿ ಉಗಿಯುತ್ತಾಳೆ ಎಂದುಕೊಂಡೆ. ಆಕೆ ಬಗ್ಗಿ, ಸರಳಿನಿಂದಾಚೆ ಚಾಚಿದ್ದ ಆ ಕಾಲುಗಳನ್ನು ಹಿಡಿದುಕೊಂಡು ಕೂತಳು.

ಸಂಜೆ ನೀರಿಳಿಯಿತು. ಸುದ್ದಿ ಕೇಳಿ ಮದುವೆ ಮನೆಯಿಂದ ಓಡಿ ಬಂದ ಮೂಲೆಮನೆಯಾಕೆ, ಗೋಣಿಚೀಲ ಹೊದಿಸಿದ್ದ ಬ್ರೂನೋನ ಪಕ್ಕದಲ್ಲಿ ಕುಸಿದರು. ಗೇಟಿನ ವಿಷಯ ಆಗಲೇ ಯಾರೋ ಹೇಳಿದ್ದರು. ನಾನು ಬಾಯಿ ತೆರೆದೆ, ಖಂಡಿತ ತೆರೆದೆ. ಮಾತು ಹೊರಡುವ ಮೊದಲೇ ಹಾಲಿನಮ್ಮ ಹೇಳಿಬಿಟ್ಟಳು.

"ನಾನೇ ಆಕ್ಬಿಟ್ಟೆ ಕಣಮ್ಮ. ಮರ್ತು."

"ನಿನ್ನನ್ನ ನಂಬಿ ಬಿಟ್ಟು ಹೋಗಿದ್ನಲ್ಲೇ!" ಎಂದು ಅವರು ಅರಚಿದ್ದು ಇಡೀ ಬೀದಿಗೆ ಕೇಳಿತು. ಇನ್ನೂ ಏನೇನೋ ಅಂದರು. ಆಕೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಅಂದು ಬೆಳಿಗ್ಗೆ ಒಂಬತ್ತು ನಾಯಿಗಳನ್ನು ಬಿಡಿಸಿದ್ದು ಯಾರ ಬಾಯಲ್ಲೂ ಬರಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಮಹಡಿ ಮೆಟ್ಟಿಲಿನಿಂದ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಲು ಬಂದಾಗ ಕೇಳಿದೆ, "ಯಾಕಮ್ಮಾ ಹಂಗಂದೆ?"

"ನೀವು ಅಕ್ಕಪಕ್ಕದೋರು, ದಿನಾ ಮುಕ ನೋಡ್ಬೇಕು. ನಾನು ಆಲಾಕಿ ಓಗೋಳು," ಎಂದಳು. ಅಷ್ಟೇ.

ಹಾಲು ಹಾಕಿ ಹೋಗುವವಳಿಗೂ ಮುಖ ಇರುತ್ತದೆ ಎಂದು ನನಗೆ ಆಗ ಹೊಳೆಯಲಿಲ್ಲ. ಮೂಲೆಮನೆಯವರು ಆಕೆಯಿಂದ ಹಾಲು ತಗೊಳ್ಳುವುದನ್ನು ನಿಲ್ಲಿಸಿದರು, ಎದುರುಮನೆಯವರೂ ನಿಲ್ಲಿಸಿದರು. ಮೊಬೈಲಿನಲ್ಲಿ ಒತ್ತಿದರೆ ಹಾಲು ಬರುವ ಕಾಲ, ಯಾರಿಗೂ ತೊಂದರೆಯಾಗಲಿಲ್ಲ. ಒಂದು ದಿನ ಆಕೆ ಬರಲಿಲ್ಲ. ಮರುದಿನವೂ... ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಾಯೆನಿಸಿತು. ಬೆಳಿಗ್ಗೆದ್ದು ಆ ಮುಖ ನೋಡುವುದು ತಪ್ಪಿತಲ್ಲ ಎಂದು.

ಮೊನ್ನೆ ಜಕ್ಕೂರಿನಿಂದ ನಾನು ಮನೆಗೆ ಹೋಗಲಿಲ್ಲ. ನೇರ ಮೂಲೆಮನೆಗೆ ಹೋದೆ. ಬ್ರೂನೋ ಹೋದಮೇಲೆ ಅವರು ಇನ್ನೊಂದು ನಾಯಿ ಸಾಕಲಿಲ್ಲ, ಕಾರಿನ ಪಕ್ಕದಲ್ಲಿ ಸರಪಳಿಯ ಕೊಂಡಿ ಮಾತ್ರ ಗೋಡೆಯಲ್ಲಿ ಉಳಿದಿದೆ. ಕಾಫಿ ಬೇಡವೆಂದು ನಿಂತುಕೊಂಡೇ ಹೇಳಿದೆ.

"ಆವತ್ತು ಗೇಟ್ ಹಾಕಿದ್ದು ನಾನು ಕಣ್ರೀ. ಅವಳಲ್ಲ."

ಮೂಲೆಮನೆಯಾಕೆ, "ಎಲ್ಲಿದಾಳೆ ಈಗ ಅವಳು?" ಎಂದರು.

"ಇಲ್ಲ. ಹೋದ ವರ್ಷ ತೀರ್ಕೊಂಡ್ಳಂತೆ."

ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ... ಏನೇನೆಲ್ಲ ಅಂದ್ಬಿಟ್ಟೆ ಅವಳಿಗೆ," ಎಂದು ಗೊಣಗಿದರು. ಬೈದಿದ್ದರೆ ಚೆನ್ನಾಗಿತ್ತು, ಹೊಡೆದಿದ್ದರೂ ಸರಿಯೇ. ಅವರು ಒಳಗೆ ತಿರುಗಿ, ಬಾಗಿಲು ಮುಚ್ಚಿಕೊಳ್ಳುವ ಮುನ್ನ ಒಂದೇ ಮಾತು ಹೇಳಿದರು.

"ಹೋಗೋವಾಗ ಗೇಟ್ ಹಾಕ್ಕೊಂಡು ಹೋಗಿ."

ಕೈ ಮುಂದೆ ಬರಲಿಲ್ಲ. ಕೊನೆಗೆ ಎಳೆದು ಚಿಲಕ ಹಾಕಿದೆ. ಟಣ್ ಎಂದಿತು. ತಲೆಯ ಮೇಲೆ ಕ್ರೇಟು ಹೊತ್ತು ಮುಂದೆ ಹೋಗುತ್ತಿರುವ ಯಾರಾದರೂ ಈ ಸಲ ತಿರುಗಿ ನೋಡಿಯಾರೇ ಎಂದು ರಸ್ತೆಯ ಕಡೆ ನೋಡಿದೆ. ಯಾರೂ ಇರಲಿಲ್ಲ...