ಅದು ಹುಳದ ವಾಸನೆಯಲ್ಲ

ನಮ್ಮತ್ತೆ ಸಿದ್ದಮ್ಮನ ಬಾಯಿ ನಾರುತ್ತಿತ್ತು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮರಳವಾಡಿಯಿಂದ ರಾಮನಗರಕ್ಕೆ ಸೊಸೆಯಾಗಿ ಬಂದ ದಿನ ಅವರು ನನ್ನ ಗಲ್ಲ ಹಿಡಿದು, "ಬಾರವ್ವ ಲತಾಮಣಿ, ಒಳಿಕ್ಕೆ" ಅಂದರು. ಅಟ್ಟದ ಮೇಲೆ ಇಲಿ ಸತ್ತು ಮೂರು ದಿನವಾದಂಥ ವಾಸನೆ. ಹೊಸ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಮದುಮಗಳು ಅಳುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

ಮನೆಯಲ್ಲಿ ಅದಕ್ಕೊಂದು ಹೆಸರಿತ್ತು, ಹುಳದ ವಾಸನೆ ಅಂತ. ಅತ್ತೆ ಇಪ್ಪತ್ತಾರು ವರ್ಷ ಜಬ್ಬಾರ್ ಸಾಬರ ಫಿಲೇಚರಿನಲ್ಲಿ ಬಿಸಿನೀರಿಗೆ ಕೈ ಅದ್ದಿ ಗೂಡಿನಿಂದ ರೇಷ್ಮೆ ನೂಲು ತೆಗೆದವರು. ಬೆಂದ ಹುಳದ ನಾತ ಗೊತ್ತಿಲ್ಲದವರು ಈ ಊರಲ್ಲಿಲ್ಲ. ಸೀರೆಗೆ, ಕೂದಲಿಗೆ, ಉಗುರಿನ ಸಂದಿಗೆ ಅಂಟಿಕೊಂಡು ಮನೆಗೂ ಬರುತ್ತದೆ. ಗಂಡ ಸತ್ತ ಮೇಲೆ ಆ ಕೆಲಸದಿಂದಲೇ ಮಗ ಬಾಲರಾಜುವನ್ನು, ಅಂದರೆ ನನ್ನ ಗಂಡನನ್ನು, ಓದಿಸಿದರು. ಹಾಗಾಗಿ ಅದರ ವಾಸನೆಯನ್ನು ಆಡಿಕೊಂಡರೆ ಉಂಡ ಅನ್ನದ ಮೇಲೆ ಉಗಿದಂತೆ. ಅತ್ತೆಯೂ ಹುಳದ್ದೇ ಅಂತ ನಂಬಿದ್ದರು. ಸೀಗೆಪುಡಿ ಹಾಕಿ ತಲೆ ತಿಕ್ಕುವರು, ಹುಣಸೆಹಣ್ಣಿನಲ್ಲಿ ಕೈ ಉಜ್ಜುವರು, ಸೀರೆಗೆ ಸಾಂಬ್ರಾಣಿ ಹೊಗೆ ಕೊಡುವರು. ಬಾಯಿಗೆ ಮಾತ್ರ ಎಲೆ ಅಡಿಕೆ ಜೊತೆ ಕಡ್ಡಿಪುಡಿ.

"ಇದ್ ಹಾಕ್ಕಂಡ್ರೆ ಒಸಿ ಕಮ್ಮಿಯಾಯ್ತದೆ" ಅನ್ನುವರು. ಥೂ, ಹೊಗೆಸೊಪ್ಪಿನ ಘಾಟೂ ಸೇರಿ ಇನ್ನಷ್ಟು ಹೇಸಿಗೆ.

ಮಂಡಿ ನೋವೆಂದು ಅವರು ಕೆಲಸ ಬಿಟ್ಟು ಎರಡು ವರ್ಷವಾಯಿತು. ಹುಳ ಹೋಯಿತು, ನಾತ ಹೋಗಲಿಲ್ಲ. "ಅಷ್ಟ್ ವರ್ಷದ್ದು, ಮೂಳೆಗಿಳಿದೈತೆ" ಅಂದರು ನನ್ನ ಗಂಡ. ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ಅತ್ತೆ ಎತ್ತಿಕೊಳ್ಳಲು ಬಂದರೆ ಹಾಲು ಕುಡಿಸಬೇಕು, ನಿದ್ದೆ ಮಾಡಿಸಬೇಕು ಅಂತ ಏನಾದರೊಂದು ನೆಪ ತೆಗೆದು ಮಗುವನ್ನು ಕಿತ್ತುಕೊಳ್ಳುತ್ತಿದ್ದೆ. ಎಂಟು ತಿಂಗಳಾದರೂ ಅಜ್ಜಿ ಮೊಮ್ಮಗಳಿಗೆ ಒಂದು ಮುತ್ತು ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಿ ಬಂದು ನೋಡಿದರೆ, ಅತ್ತೆ ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ತೊಟ್ಟಿಲ ಮುಂದೆ ಕೂತು ಜೋಗುಳ ಹಾಡುತ್ತಿದ್ದರು. ಮಗು ಹೆದರಿ ಕಿರುಚುತ್ತಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಅತ್ತೆ, ಅದು ಹುಳದ್ ವಾಸ್ನೆ ಅಲ್ಲ. ನಿಮ್ ಬಾಯ್ದು."

"ನಂಗೇನೂ ಬರಾಕಿಲ್ವಲ್ಲವ್ವ."

"ಅವರವರ ಬಾಯಿ ಅವರವರ ಮೂಗಿಗೆ ಗೊತ್ತಾಗಾಕಿಲ್ಲ. ಮುಂಗೈ ನೆಕ್ಕಿ, ಒಣಗಿದ್ಮೇಲೆ ಮೂಸಿ ನೋಡಿ."

ಮೂಸಿದರು. ಮುಖ ಕಪ್ಪಿಟ್ಟಿತು. ಮಾರನೆಯ ದಿನ ನಾನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹಲ್ಲಿನ ಡಾಕ್ಟರು ಒಸಡಿನಡಿಯಿಂದ ಕಲ್ಲಿನಂತೆ ಗಟ್ಟಿಯಾದ ಕರೀ ಪಾಚಿ ಕೆರೆದು ತೆಗೆದರು. ಕೀವು, ರಕ್ತ ಎರಡೂ ಬಂತು. ಆ ತಟ್ಟೆ ನೋಡಿ ನಾನು ಹೊರಗೋಡಿ ವಾಂತಿ ಮಾಡಿದೆ. ಎರಡು ಹಲ್ಲು ಕಿತ್ತರು. ಕಡ್ಡಿಪುಡಿ ಬಿಡಬೇಕು, ಎರಡು ಹೊತ್ತು ಹಲ್ಲುಜ್ಜಬೇಕು, ನಾಲಿಗೆಯ ಹಿಂಭಾಗದ ಬಿಳಿ ಪದರವನ್ನು ದಿನಾ ಕೆರೆಯಬೇಕು, ಬಾಯಿ ಒಣಗದಂತೆ ನೀರು ಕುಡಿಯಬೇಕು ಅಂದರು. ಕಡ್ಡಿಪುಡಿ ಬಿಡಲು ಅತ್ತೆ ಒಂದು ತಿಂಗಳು ನಮ್ಮ ಪ್ರಾಣ ತಿಂದರು. ಆದರೂ ಬಿಟ್ಟರು. ಮೂರು ತಿಂಗಳಿಗೆ ನಾತ ಹೋಯಿತು. ಬೆಳಿಗ್ಗೆ ಎದ್ದಾಗ ಒಂದಿಷ್ಟು ಇರುತ್ತದೆ, ಅದು ಯಾರಿಗಿಲ್ಲ.

ಒಂದು ಭಾನುವಾರ ಮಗುವನ್ನು ನಾನೇ ಅವರ ಮಡಿಲಿಗೆ ಹಾಕಿದೆ. ಅತ್ತೆ ಅಭ್ಯಾಸಬಲದಿಂದ ಸೆರಗನ್ನು ಬಾಯಿಗೆ ಎಳೆದುಕೊಂಡರು.

"ತಗಿಯವ್ವ, ಈಗ ನಾರಾಕಿಲ್ಲ" ಅಂದರು ನನ್ನ ಗಂಡ.

ಅತ್ತೆ ತಲೆಯೆತ್ತಿ ಮಗನನ್ನು ನೋಡಿದರು. "ಈಗ ಅಂದ್ರೆ? ಬಾಯ್ದು ಅಂತ ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತೇನ್ಲಾ?"

ನನ್ನ ಗಂಡ ಬಗ್ಗಿ ಮಗುವಿನ ಅಂಗಿ ಸರಿಮಾಡತೊಡಗಿದರು.

"ಮೂರ್ನೇ ಕ್ಲಾಸಲ್ಲಿ, ನಾನ್ ದೊಡ್ಡೋನಾದೆ, ಇನ್ನು ನಿನ್ ಪಕ್ಕ ಮನಿಕ್ಕಳಾಕಿಲ್ಲ ಅಂದ್ಯಲ್ಲ" ಅಂದರು ಅತ್ತೆ. "ನನ್ ಮಗ ದೊಡ್ಡೋನಾದ ಅಂತ ಬೀದಿಗೆಲ್ಲ ಹೇಳ್ಕಂಡ್ ತಿರುಗಿದ್ನಲ್ಲೋ ನಾನು."