ಮೂರನೆಯ ಸೀನಿಗೆ ಕಾದು ನಿಂತ ದೇವರು

ಮೂಕಮ್ಮಾಳ್ ಅವರೊಂದಿಗಿನ ಮೊದಲ ಮಾತುಕತೆಯನ್ನು ಗೊತ್ತುಮಾಡಿದವಳು ನಾನಲ್ಲ. ನನ್ನ ಮೇಲೆ ಒಂದು ದೂರಿದ್ದ ಕಾರಣ ಅವರೇ ನನ್ನನ್ನು ಕರೆಸಿಕೊಂಡರು. 2024ರ ಜುಲೈ 24ರ ಬುಧವಾರ ಕಂಬಂ ಪಟ್ಟಣದಿಂದ ಜನನಿ ಎಂಬವರ ಕರೆ ಬಂತು. ಅವರು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಇಪ್ಪತ್ತೊಂಬತ್ತರ ತರುಣಿ, ಮೂಕಮ್ಮಾಳ್ ಅವರ ತಮ್ಮನ ಮಗಳು. ತಮಿಳಿನಲ್ಲಿ ಮಾತು ತೆಗೆದವರು ನಡುವೆಯೇ ತಮ್ಮ ಮನೆಯ ಕನ್ನಡಕ್ಕೆ ಹೊರಳಿದರು.

“ಮೇಡಂ, ನೀವು ಬರ್ದಿರೋ ಸವರಯ್ಯನ ಕತೆ ಹಳೇ ಕತೆ ಅಲ್ಲ. ನಮ್ಮತ್ತೆ ಕಟ್ಟಿದ್ದು. ಅವ್ರಿಗೆ ಕೋಪ ಬಂದೈತೆ. ಬಂದು ಕೇಳ್ಕೊಂಡು ಹೋಗಿ ಅಂತವ್ರೆ.”

ಹಿಂದಿನಿಂದ ಇನ್ನೊಂದು ಹೆಣ್ಣು ದನಿ ಕೇಳಿಸಿತು: “ಕೋಪ ಇಲ್ಲೆ ಅಂತ ಹೇಳು. ಮಾತು ಹಿಡಿಯೋ ಪೆಟ್ಟಿ ಐತಲ್ಲ, ಅದನ್ನೂ ತರ್ಲಿ. ಈ ಸಲ ಸರಿಯಾಗಿ ಹಿಡೀಲಿ.”

ಶತಮಾನಗಳ ಹಿಂದೆ ಈ ಕಣಿವೆಗೆ ಬಂದು ನೆಲೆಸಿದ ಕನ್ನಡ ಮಾತಿನ ಬೇಸಾಯದ ಮನೆತನಗಳಲ್ಲಿ ನಾನು ಮೂರು ವರ್ಷಗಳಿಂದ ಬಾಯಿಮಾತಿನ ಚರಿತ್ರೆಯನ್ನು ಸಂಗ್ರಹಿಸುತ್ತಿದ್ದೆ. ಸವರಯ್ಯನ ಕಥೆ ನನಗೆ ಮೂರು ಕಡೆ ಸಿಕ್ಕಿತ್ತು: ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದ ಮೇಸ್ತ್ರಿ ಅಳಗರ್, ಹನುಮಂತನಪಟ್ಟಿಯ ಜೆಯಂತಿ ಮತ್ತು ಕಂಬಂನ ತೆಂಗಿನಕಾಯಿ ವ್ಯಾಪಾರಿ ಗಣೇಶನ್ ಅವರಲ್ಲಿ. ಪರಸ್ಪರ ಸಂಪರ್ಕವಿಲ್ಲದ ಮೂವರು ಒಂದೇ ಕಥೆಯನ್ನು ಹೇಳಿದರೆ ಅದನ್ನು ಪರಂಪರಾಗತವೆಂದು ಪರಿಗಣಿಸಬಹುದೆಂದು ನಮ್ಮ ವಿಶ್ವವಿದ್ಯಾಲಯದ ಜಾನಪದ ವಿಭಾಗದಲ್ಲಿ ಕಲಿಸುತ್ತಾರೆ. ನಾನೂ ಹಾಗೆಯೇ ಪರಿಗಣಿಸಿ, ಇದು ಈ ಜನರಲ್ಲಿ ಉಳಿದಿರುವ ಸೃಷ್ಟಿಪುರಾಣವೆಂದು ಒಂದು ಲೇಖನವನ್ನು ಪ್ರಕಟಿಸಿದ್ದೆ.

ಕಥೆ ಹೀಗಿದೆ. ಆದಿಯಲ್ಲಿ ಶೂನ್ಯವಿರಲಿಲ್ಲ; ಎಲ್ಲವೂ ತುಂಬಿಹೋಗಿತ್ತು. ಒಂದೇ ಬಳ್ಳಿ ಎಲ್ಲೆಡೆ ಹಬ್ಬಿ ಹೆಣೆದುಕೊಂಡಿತ್ತು. ಎಲ್ಲವೂ ಇತ್ತು, ಆದರೆ ಏನಾದರೂ ನಡೆಯಲು ಜಾಗವಿರಲಿಲ್ಲ. ಆ ಸಿಕ್ಕಿನ ನಡುವೆ ಹುಟ್ಟಿದ ಸವರಯ್ಯನಿಗೆ ಮೊಣಕೈ ಮಡಿಸಲೂ ಎಡೆಯಿಲ್ಲ. ಅವನು ಮೂರು ಸಲ ಸೀನಿದ. ಆ ರಭಸಕ್ಕೆ ಕೈ ಬಿಡಿಸಿಕೊಂಡಿತು. ಕೊಂಬೆ ಸವರಿದ, ಸಂದಿನಿಂದ ಬೆಳಕು ಬಿತ್ತು. ಸವರಿ ಬಿದ್ದ ತುಂಡುಗಳು ನದಿಗಳೂ ದಾರಿಗಳೂ ಹಾವುಗಳೂ ಆದವು. ಪ್ರತಿ ಕೊಂಬೆಗೂ ಮುನ್ನ ಮೂರು ಸೀನು. ಏಳನೆಯ ಕೊಂಬೆಯ ಮುಂದೆ ಎರಡು ಸೀನು ಬಂದವು, ಮೂರನೆಯದು ಬರಲಿಲ್ಲ. ಮುಖ ಮೇಲೆತ್ತಿ ಅವನು ಇನ್ನೂ ಕಾಯುತ್ತಿದ್ದಾನೆ. ಸವರದೆ ಉಳಿದ ಆ ಕೊಂಬೆಯ ಮೇಲೆಯೇ ಮನುಷ್ಯರ ವಾಸ. ಆದ್ದರಿಂದ ಆ ನಾಡಿನಲ್ಲಿ ಯಾರೂ ಬಯಲಿನಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ; ಘಾಟಿಗೆ ಅವನು ಸೀನಿಬಿಟ್ಟರೆ ಆ ಕೊಂಬೆಯೂ ಹೋದೀತು.

ನನ್ನ ಲೇಖನ ದಿಂಡಿಗಲ್‌ಗೂ ತಲುಪಿತ್ತು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ಜನನಿ ಮತ್ತು ಗೆಳೆಯರ ಆಟದ ಪುಸ್ತಕವೊಂದು ಅಚ್ಚಿಗೆ ಸಿದ್ಧವಾಗುತ್ತಿತ್ತು. ಅದು ನಾಲ್ಕೈದು ಜನ ಸುತ್ತ ಕುಳಿತು, ದಾಳ ಉರುಳಿಸಿ, ಇಲ್ಲದ ನಾಡುಗಳ ಕಥೆಯನ್ನು ಕೂಡಿ ಕಟ್ಟುವ ಆಟ. ಪುಸ್ತಕದ ಮೂರನೆಯ ಪುಟದಲ್ಲಿ “ಮತಗಳೂ ಸೃಷ್ಟಿಕಥೆಗಳೂ: ಮೂಕಮ್ಮಾಳ್” ಎಂದು ಹಾಕಬೇಕಾಗಿತ್ತು. ಪುಸ್ತಕ ನೋಡಿಕೊಳ್ಳುತ್ತಿದ್ದವರು ನನ್ನ ಲೇಖನ ತೋರಿಸಿ, ಇದು ಜನಪದ ಕಥೆಯೆಂದು ಅಚ್ಚಾಗಿದೆ, ಒಬ್ಬರ ಹೆಸರು ಹಾಕಿದರೆ ನಾಳೆ ತಕರಾರು ಬಂದೀತು ಎಂದರು. ಆಗಸ್ಟ್ 9ರೊಳಗೆ ತಿದ್ದುಪಡಿ ಬಾರದಿದ್ದರೆ ಆ ಹೆಸರಿನ ಜಾಗದಲ್ಲಿ “ಪರಂಪರೆಯಿಂದ” ಎಂದು ಬೀಳಲಿತ್ತು.

ಜುಲೈ 28ರ ಭಾನುವಾರ ಕಂಬಂ ಬಸ್ ನಿಲ್ದಾಣದ ಹಿಂದಿನ ಹೊಲಿಗೆ ಅಂಗಡಿಯ ಮಹಡಿಗೆ ಹೋದೆ. ಆಟ ನಡೆಯುವುದು ಅಲ್ಲೇ. ಒಂದೇ ಒಂದು ಕುರ್ಚಿ ಮೂಕಮ್ಮಾಳ್ ಅವರಿಗೆ ಮೀಸಲು. ಉಳಿದವರು ಚಾಪೆಯ ಮೇಲೆ. ಅವರಿಗೆ ಅರವತ್ತೆರಡು ವರ್ಷ. ಹದಿನಾಲ್ಕನೆಯ ವಯಸ್ಸಿನಿಂದ ದ್ರಾಕ್ಷಿ ಬಳ್ಳಿ ಸವರುವ ಕೆಲಸ. ಐದನೆಯ ತರಗತಿಯವರೆಗೆ ತಮಿಳು ಶಾಲೆ. ಅವರು ಆಡುವ ಕನ್ನಡಕ್ಕೆ ಲಿಪಿಯೊಂದಿದೆಯೆಂಬುದನ್ನು ನನ್ನ ಲೇಖನ ನೋಡಿದ ಮೇಲಷ್ಟೇ ಅವರು ಕಂಡದ್ದು.

“ಬಾ ತಾಯಿ, ಕೂತ್ಕೋ. ಕೋಪ ಅಪ್ಪುರಂ. ಮೊದ್ಲು ಇವನಿಗೊಂದು ಸಾಮಿ ಕೊಟ್ಟು ಕಳಿಸ್ತೀನಿ,” ಎಂದರು.

‘ಇವನು’ ಎಂದರೆ ಶೇರ್ ಆಟೋ ಓಡಿಸುವ ಪಾಂಡಿಯರಾಜನ್. ಅವರು ಟೀ ಅಂಗಡಿಯಲ್ಲಿ ವಡೆ ಹೇಳುವವರಂತೆ ಹೇಳಿದರು: “ಅತ್ತೆ, ಹೊಸ ದೇಶ. ಸುತ್ತ ಉಪ್ಪು, ನಡುವೆ ಕಬ್ಬಿಣದ ಕೋಟೆ. ರಾಜನಿಗೆ ಮೂರು ತಲೆ. ಸಾಮಿ ದೊಡ್ಡದಾಗಿರ್ಲಿ.”

“ಆ ಊರಲ್ಲಿ ಯಾವ ದಿನ ತಲೆಗೆ ಎಣ್ಣೆ ಇಕ್ಕಲ್ಲ?”

“ಅದು ಯೋಚ್ನೆ ಮಾಡ್ಲಿಲ್ಲ.”

“ರಾಜನ ಎರಡು ತಲೆ ಉಂಡು ಒಂದು ತಲೆ ಉಪಾಸ ಇದ್ರೆ, ವ್ರತ ಉಳಿದಂಗಾ, ಕೆಟ್ಟಂಗಾ?”

“ಅದೂ ಗೊತ್ತಿಲ್ಲ ಅತ್ತೆ.”

“ಹಂಗಂದ್ರೆ ನೀ ತಂದಿರೋದು ದೇಶ ಅಲ್ಲಪ್ಪ, ಬರೀ ಕಟ್ಟಡ. ಜನ ಬಂದ್ಮೇಲೆ ಬಾ, ಸಾಮಿ ಕೊಡ್ತೀನಿ.”

ಆದರೂ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಉಪ್ಪಿನ ದೇಶ ಎರಡು ಪಂಗಡವಾಯಿತು. ವ್ರತ ಉಳಿಯಿತೆನ್ನುವವರು ಬಲಗಡೆಯ ಬಾವಿ ಮುಟ್ಟುವುದಿಲ್ಲ, ಕೆಟ್ಟಿತೆನ್ನುವವರು ಎಡಗಡೆಯದನ್ನು. ಎರಡು ಕಡೆಯ ಹುಡುಗ ಹುಡುಗಿ ಮದುವೆಯಾಗಬೇಕಾದರೆ ಮಳೆಗೇ ಕಾಯಬೇಕು; ಎರಡೂ ಬಾವಿಗೆ ಸೇರದ ನೀರು ಅದೊಂದೇ. ಆ ದೇಶ ಹುಟ್ಟಿದ ಬಗೆ ಕೊನೆಯ ಐದು ನಿಮಿಷಗಳಲ್ಲಿ ತಾನಾಗಿಯೇ ಬಂತು. ಅವರ ಕ್ರಮವೇ ಅದು, ಅವರ ಮಾತಿನಲ್ಲೇ ದಾಖಲಿಸಿಕೊಂಡಿದ್ದೇನೆ: “ಮೊದ್ಲು, ಮಾಡಬಾರ್ದುದು ಏನು. ಅಪ್ಪುರಂ ಜಗಳ. ಅಪ್ಪುರಂ ಸಾಮಿಗೊಂದು ಕೊರೆ. ಕೊರೆ ಇಲ್ದಿರೋ ಸಾಮಿನ ಯಾರು ನೆನೀತಾರೆ? ಭೂಮಿ ಹುಟ್ಟಿದ್ದು ಕಡೇಲಿ. ಭೂಮಿ ಹೆಂಗ್ ಹುಟ್ತು ಅಂತ ತಿಳ್ಕೊಂಡು ಯಾರೂ ಉಪಾಸ ಇರಲ್ಲ ತಾಯಿ. ಅವ್ವ ಇದ್ಲು, ಅದಕ್ಕೆ ಇರ್ತಾರೆ.”

ಕೊರೆಗಳನ್ನು, ಅಂದರೆ ದೇವರ ದೋಷಗಳನ್ನು, ಅವರು ಪರಿಚಿತರಿಂದ ಎತ್ತಿಕೊಳ್ಳುತ್ತಾರೆ. ಯಾರಿಂದ ಯಾವುದನ್ನು ಎಂದು ಕೇಳಿದರೆ ನಗುತ್ತಾರೆ. ಕೆರೆಯ ನಾಡಿನವರ ದೇವರಿಗೆ ಕಿವಿ ಕೇಳಿಸದು. ಅಲ್ಲಿನ ಪ್ರಾರ್ಥನೆಯೆಂದರೆ ನೀರಿನಲ್ಲಿ ಕಾಲಾಡಿಸಿ ಅಲೆ ಎಬ್ಬಿಸುವುದು. ಹಬ್ಬದ ಮೂರು ದಿನ ಯಾರೂ ಬಾಯಿ ಬಿಡುವಂತಿಲ್ಲ. “ಸೊಸೆಯರೆಲ್ಲ ಆ ಹಬ್ಬಕ್ಕೇ ಕಾಯ್ತಿರ್ತಾರೆ,” ಎಂದು ಅವರು ಸೇರಿಸಿದರು. ಗಾಳಿದ್ವೀಪದವರ ನಂಬಿಕೆಯಂತೆ ಲೋಕವಿನ್ನೂ ಹುಟ್ಟಿಲ್ಲ, ಈಗ ನಡೆಯುತ್ತಿರುವುದು ಹುಟ್ಟಿಸುವ ಮುಂಚಿನ ಮಾತುಕತೆ. ಹೀಗೆ ಹನ್ನೊಂದು ಮತಗಳಾಗಿವೆ.

ಇದೆಲ್ಲ 2020ರಲ್ಲಿ ಶುರುವಾಯಿತು. ಶಾಲೆಗಳು ಮುಚ್ಚಿ ಜನನಿ ದಿಂಡಿಗಲ್‌ನಿಂದ ಊರಿಗೆ ಬಂದಿದ್ದರು. ಹೊತ್ತು ಹೋಗದೆ ಇಲ್ಲದ ನಾಡೊಂದರ ನಕ್ಷೆ ಬಿಡಿಸಿ ಅತ್ತೆಗೆ ತೋರಿಸಿದರು. ಈ ಲೋಕ ಹೇಗೆ ಹುಟ್ಟಿತೆಂದು ಅತ್ತೆ ಕೇಳಿದ್ದಕ್ಕೆ ಬೆಳಕಿಗೂ ಕತ್ತಲೆಗೂ ಯುದ್ಧವಾಯಿತು ಎಂದರು. “ಯುದ್ಧದಲ್ಲಿ ಹುಟ್ಟೋದು ಏನೈತೆ? ಕೆಲಸದಲ್ಲಿ ಹುಟ್ಟಿಸು,” ಎಂದ ಮೂಕಮ್ಮಾಳ್, ತಲೆಯ ಮೇಲಿನ ಚಪ್ಪರವನ್ನೊಮ್ಮೆ ನೋಡಿ, ಸವರಯ್ಯನನ್ನು ಹೇಳತೊಡಗಿದರು. ಜನನಿಯ ನೋಟುಬುಕ್ಕಿನಲ್ಲಿ ಆ ಪುಟದ ಮೇಲೆ 2020 ಸೆಪ್ಟೆಂಬರ್ 6 ಎಂದಿದೆ.

ಆಟ ಮುಗಿದ ಮೇಲೆ ದೂರಿನ ಸರದಿ ಬಂತು.

“ನಲವತ್ತೆಂಟು ವರ್ಷ ಬಳ್ಳಿ ಸವರಿದೀನಿ ತಾಯಿ. ಹಣ್ಣು ಪೆಟ್ಟಿಗೆ ಹೋಗುತ್ತೆ, ಪೆಟ್ಟಿ ಮೇಲೆ ತೋಟದೋರ ಪೇರು ಅಚ್ಚಾಗಿರುತ್ತೆ. ಸರಿ, ತೋಟ ಅವ್ರದು. ಈ ಸಾಮಿ ನಂದು. ನೀ ಬಂದು ಊರೋರ್ದು ಅಂತ ಬರ್ದ್‌ಬಿಟ್ಟೆ.”

ನನ್ನ ಮೂವರು ಸಾಕ್ಷಿಗಳಲ್ಲಿ ಇಬ್ಬರ ಸಾಕ್ಷ್ಯ ಅಲ್ಲೇ ಬಿದ್ದುಹೋಯಿತು. ಗಣೇಶನ್ ಅವರ ಮಂಡಿಗೆ ಪಾಂಡಿಯರಾಜನ್ ದಿನವೂ ಹೋಗುತ್ತಾರೆ. ಕಥೆ ಹೇಳದೆ ಹಿಂದಿರುಗುವವರಲ್ಲ. ಜೆಯಂತಿ ಎರಡು ವರ್ಷ ಮೂಕಮ್ಮಾಳ್ ಅವರ ಪಕ್ಕದ ಸಾಲಿನಲ್ಲೇ ಕೆಲಸ ಮಾಡಿದವರು. ಆದರೆ ಅಳಗರ್ ಉಳಿದರು. ಮೂಕಮ್ಮಾಳ್ ಅವರಿಗೆ ಅವರು ದೊಡ್ಡಪ್ಪನ ಮಗ, ವಯಸ್ಸು ಎಪ್ಪತ್ತೊಂದು. ಈ ಕಥೆಯನ್ನು ತಮ್ಮ ಅಜ್ಜಿಯ ಬಾಯಿಂದಲೇ ಕೇಳಿದ್ದಾಗಿ ನನ್ನ ಧ್ವನಿಮುದ್ರಿಕೆಯಲ್ಲಿ ಹೇಳಿದ್ದಾರೆ. ನೋಟುಬುಕ್ಕು ಅವರ ಮಾತನ್ನು ಅಲ್ಲಗಳೆಯಲಾರದು. ಅಜ್ಜಿ ಹೇಳಿದ್ದನ್ನೇ ಜನನಿ ಬರೆದುಕೊಂಡಿರಬಹುದಲ್ಲ. ಇದನ್ನು ವಿವರಿಸಿದಾಗ ಮೂಕಮ್ಮಾಳ್ ಚಾಪೆಯ ಮೇಲಿದ್ದ ದಾಳಗಳನ್ನು ಎತ್ತಿಟ್ಟರು. ಆಮೇಲೆ, “ನಾಳೆ ತೋಟಕ್ಕೆ ಬಾ. ಅಣ್ಣನನ್ನ ಮೊದ್ಲಿಂದ ಹೇಳು ಅಂತ ಕೇಳು. ನಡುವೆ ಬಾಯಿ ಹಾಕ್ಬೇಡ,” ಎಂದರು.

ಸೋಮವಾರ ಬೆಳಿಗ್ಗೆ ಕಾಮಯಗೌಂಡನ್‌ಪಟ್ಟಿಯ ಆ ತೋಟದಲ್ಲಿ ಹನ್ನೊಂದು ಹೆಂಗಸರು ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದರು. ಎರಡು ಸಾಲಿನಾಚೆ ಗಂಧಕದ ಪುಡಿ ಹೊಡೆಯುತ್ತಿದ್ದರು. ಅಳಗರ್ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕುಳಿತಿದ್ದರು.

“ನಮ್ಮ ಪಾಟಿ ಹೇಳಿದ್ದು. ಅವ್ಳ ತೊಡೆ ಮೇಲೆ ಮಲಗಿ ಕೇಳಿದೀನಿ,” ಎಂದರು ಅವರು, ಅನುಮಾನಕ್ಕೆ ಎಡೆಯಿಲ್ಲದಂತೆ.

“ನಿನ್ನ ಪಾಟಿ ನನಗೂ ಪಾಟಿನೇ ಅಣ್ಣಾ,” ಎಂದರು ಮೂಕಮ್ಮಾಳ್, ಕತ್ತರಿ ನಿಲ್ಲಿಸದೆ. “ಅವ್ಳು ಹೇಳ್ತಿದ್ದುದು ಒಂದೇ ಕತೆ. ಪಕ್ಕದ ಮನೆಯೋಳು ಒನಕೆ ತಕ್ಕೊಂಡೋಗಿ ತಂದು ಕೊಡ್ಲಿಲ್ಲ ಅಂತ.”

“ನೀ ಚಿಕ್ಕೋಳು ಮೂಕು. ನಿನಗೇನ್ ಗೊತ್ತು, ಸುಮ್ನಿರು.”

ಮೊದಲಿನಿಂದ ಹೇಳಬೇಕೆಂದು ಕೋರಿದೆ. ಅಳಗರ್ ಎದ್ದು ನಿಂತರು. ಅವರು ಚೆನ್ನಾಗಿ ಹೇಳುತ್ತಾರೆ; ಆದಿಯ ಸಿಕ್ಕನ್ನು ತೋರಿಸಲು ಎರಡೂ ಕೈಗಳನ್ನು ಚಪ್ಪರದ ಬಳ್ಳಿಯೊಳಗೆ ತೂರಿಸಿದರು. ಬೆಳಕು ಬಿತ್ತು, ಹಾವುಗಳು ಬಿದ್ದವು. ಆರನೆಯ ಕೊಂಬೆಯ ಹೊತ್ತಿಗೆ ಗಾಳಿ ತಿರುಗಿ ಗಂಧಕದ ಪುಡಿ ನಮ್ಮತ್ತ ಬಂತು. ಅಳಗರ್ ಸೀನಿದರು. ಮತ್ತೊಮ್ಮೆ ಸೀನಿದರು. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಅರೆ ಮುಚ್ಚಿ, ಯಾರೂ ಮಾತಾಡಕೂಡದೆಂಬಂತೆ ಒಂದು ಬೆರಳೆತ್ತಿ ನಿಂತುಬಿಟ್ಟರು. ಹನ್ನೊಂದು ಕತ್ತರಿಗಳೂ ನಿಂತವು. ಆ ಹೆಂಗಸರಿಗೆ ಅದು ಅಭ್ಯಾಸ. ಬೆಳಿಗ್ಗೆ ಮೇಸ್ತ್ರಿಯ ಮೂರು ಸೀನು ಮುಗಿಯದೆ ಯಾರಿಗೆ ಯಾವ ಸಾಲು ಎಂಬುದು ನಿಗದಿಯಾಗುವುದಿಲ್ಲ. ಧ್ವನಿಮುದ್ರಿಕೆಯಲ್ಲಿ ಈ ಮೌನ ಹತ್ತೊಂಬತ್ತು ಸೆಕೆಂಡು ಇದೆ.

ಮೂಕಮ್ಮಾಳ್ ಮೆಲ್ಲಗೆ ಹೇಳಿದರು: “ನೋಡ್ಕೋ ತಾಯಿ. ಸಾಮಿ ನಿಂತವ್ನೆ.”

ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ತೋಟವೇ ನಕ್ಕಿತು. ಅಳಗರ್ ಬೆರಳಿಳಿಸಿ ಸುತ್ತ ನೋಡಿದರು. “ಏನ್ರೇ? ಏನಾಯ್ತು?”

“ಏಳನೇ ಕೊಂಬೆ ಉಳ್ಕೊಂತು ಮೇಸ್ತ್ರಿ!” ಎಂದು ಕೊನೆಯ ಸಾಲಿನಿಂದ ಯಾರೋ ಕೂಗಿದರು.

ಅವರ ಮುಖದಲ್ಲಿ ಅರ್ಥ ನಿಧಾನವಾಗಿ ಮೂಡಿತು. “ಮೂಕು, ನನ್ನನ್ನಾ?”

“ಮತ್ತಾರನ್ನ? ಎಷ್ಟು ವರ್ಷದಿಂದ ಕತ್ತರಿ ಹಿಡ್ಕೊಂಡು ನಿನ್ನ ಮೂರನೇ ಸೀನಿಗೆ ಕಾದಿದೀವಿ. ಸುಮ್ನೆ ನಿಂತೋರಿಗೆ ಇನ್ನೇನ್ ಯೋಚ್ನೆ ಬರುತ್ತೆ?”

“ನಾಲ್ಕು ವರ್ಷದಿಂದ ನನ್ನ ಕತೆ ನನಗೇ ಹೇಳ್ತಿದ್ಯಾ?”

“ನೀನು ಊರಿಗೆಲ್ಲಾ ಹೇಳ್ತಿದ್ದೆ. ನಾನ್ಯಾಕೆ ತಡೀಲಿ?”

ಆ ಸೀನು ಯಾವಾಗಿನಿಂದ ಬರುತ್ತಿದೆಯೆಂದು ನಾನು ಕೇಳಿದೆ. ಅಳಗರ್ ಪೆಟ್ಟಿಗೆಯ ಮೇಲೆ ಮತ್ತೆ ಕುಳಿತು, ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. “ತೋಟಕ್ಕೆ ಬಂದ್ಮೇಲೆ, ಈ ಗಂಧಕದಿಂದ. ಆಗ ನನಗೆ ಇಪ್ಪತ್ತು. ಪಾಟಿ ಸತ್ತಾಗ ಹದಿನೇಳು, ಆಗ ಈ ಸೀನೇ ಇರ್ಲಿಲ್ಲ.” ಮೂಗು ತಿಕ್ಕಿಕೊಂಡು ಮುಂದುವರಿಸಿದರು. “ನಾ ಪೊಯ್ಯಿ ಹೇಳ್ಲಿಲ್ಲ ತಾಯಿ, ಸುಳ್ಳಲ್ಲ. ಆ ಮಾತು ಪಾಟಿ ಮಾತೇ. ನನ್ನ ಮಕ್ಕಳು ಮನೇಲಿ ತಮಿಳು ಮಾತಾಡ್ತಾರೆ. ಇವ್ಳು ಸಾಲಲ್ಲಿ ಕತೆ ಹೇಳೋವಾಗ ಕಣ್ಣು ಮುಚ್ಚಿದ್ರೆ ಪಾಟಿ ಪಕ್ಕದಲ್ಲಿ ಕೂತಂಗೆ ಇರುತ್ತೆ. ಅದಕ್ಕೇ ಹಂಗ್ ಅಂದ್ಕೊಂಬಿಟ್ಟೆ.”

ಮೂಕಮ್ಮಾಳ್ ತಮ್ಮ ನೀರಿನ ಬಾಟಲಿಯನ್ನು ತಂದು ಅಣ್ಣನ ಕೈಗಿತ್ತರು. ಅಳಗರ್ ಕುಡಿದು, ಬಾಯಿ ಒರೆಸಿಕೊಂಡು, ತಮ್ಮ ತೀರ್ಮಾನ ಹೇಳಿದರು: “ಪೇರು ನಿಂದೇ ಹಾಕ್ಕೋ. ಆದ್ರೆ ಸಾಮಿಗೆ ಮೀಸೆ ಇರ್ಲಿ. ಈ ಪುಳ್ಳೆ ಜನನಿ ಬೋಳು ಮೂತಿ ಬರ್ದವ್ಳೆ.” ಪುಸ್ತಕಕ್ಕೆಂದು ತಾವು ಬರೆದಿದ್ದ ಸವರಯ್ಯನ ಚಿತ್ರವನ್ನು ಜನನಿ ಅಂದೇ ಸಂಜೆ ತಿದ್ದಿದರು. ದೊಡ್ಡಪ್ಪನಿಗೆ ಆ ಮೀಸೆ ಸಣ್ಣದೆನಿಸಿ ಮರುದಿನ ಮತ್ತೊಮ್ಮೆ ತಿದ್ದಿದರು.

ಒಂದು ಕಡೆ ಮಾತ್ರ ಮೂಕಮ್ಮಾಳ್ ಸೋತರು. ಆಗಸ್ಟ್ 3ರಂದು ನಾವಿಬ್ಬರೂ ಹನುಮಂತನಪಟ್ಟಿಗೆ ಹೋದೆವು. ಜೆಯಂತಿ ತಮ್ಮ ಪುಟ್ಟ ತೋಟದಲ್ಲಿ ಪ್ರತಿ ಬಳ್ಳಿಗೂ ಒಂದು ಕೊಂಬೆಯನ್ನು ಸವರದೆ ಬಿಟ್ಟಿದ್ದರು.

“ಇದೇನೇ? ಅದು ಸತ್ವ ಎಲ್ಲಾ ಎಳ್ಕೊಳ್ಳುತ್ತೆ. ಕಡಿ.”

“ಆಗಲ್ಲಕ್ಕಾ. ಸವರಯ್ಯ ಬಿಟ್ಟಿದ್ದು. ಸಾಮಿ ಕುತ್ತಂ ಆಗುತ್ತೆ, ಮುನಿಸ್ಕೋತಾನೆ.”

“ಆ ಸಾಮಿನ ಮಾಡಿದ್ದೇ ನಾನು ಕಣೆ!”

“ಮಾಡಿದ್ದು ನೀವೇ ಇರ್ಬೋದು. ಈಗ ಅವ್ನು ನನ್ನ ತೋಟದಲ್ಲವ್ನೆ,” ಎಂದು ಜೆಯಂತಿ ನಮಗೆ ಮಜ್ಜಿಗೆ ತರಲು ಒಳಗೆ ಹೋದರು.

ಹಿಂದಿರುಗುವಾಗ ಶೇರ್ ಆಟೋದಲ್ಲಿ ಮೂಕಮ್ಮಾಳ್ ತಮ್ಮಷ್ಟಕ್ಕೆ ನಗತೊಡಗಿದರು. “ಹನ್ನೊಂದು ಮತ ಮಾಡಿದೀನಿ, ಒಂದಕ್ಕೆ ಭಕ್ತೆ ಸಿಕ್ಕಿದ್ಲು. ಆದ್ರೂ ಅವ್ಳ ಬಳ್ಳಿ ಈ ಸಲ ಸರಿಯಾಗಿ ಕಾಯಲ್ಲ, ನೋಡ್ತಿರು.” ಜೆಯಂತಿಯ ಆಚರಣೆಯನ್ನು ಅದು ಆರಂಭವಾದ ವರ್ಷದೊಂದಿಗೆ ಬೇರೆಯೇ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ನನ್ನ ಲೇಖನದ ತಪ್ಪನ್ನು ಒಪ್ಪಿಕೊಂಡು ಪತ್ರಿಕೆಗೂ ದಿಂಡಿಗಲ್‌ನ ಮುದ್ರಣಾಲಯಕ್ಕೂ ಗಡುವಿನೊಳಗೇ ಕಾಗದ ಬರೆದೆ. ಅಳಗರ್ ಅವರ ಹೇಳಿಕೆಯನ್ನು ಅವರ ರುಜುವಿನೊಂದಿಗೆ ಲಗತ್ತಿಸಿದೆ.

2024ರ ಆಗಸ್ಟ್ 9, ಶುಕ್ರವಾರ: ಆ ಮೂವರು ಸಾಕ್ಷಿಗಳ ಧ್ವನಿಮುದ್ರಿಕೆ 11, 14 ಮತ್ತು 19ರ ಎದುರಿಗಿದ್ದ “ಪರಂಪರಾಗತ” ಎಂಬ ನಮೂದನ್ನು ಹೊಡೆದುಹಾಕಿ, “ಸ್ವಂತ ರಚನೆ, 2020, ಕರ್ತೃ: ಮೂಕಮ್ಮಾಳ್, ಕಾಮಯಗೌಂಡನ್‌ಪಟ್ಟಿ” ಎಂದು ದಾಖಲಿಸಲಾಯಿತು.