ಎರಡನೇ ಸಾಕು

ಈ ಬೆಳಿಗ್ಗೆ ಅಮ್ಮನ ಬಟ್ಟಲಿಗೆ ರಾಗಿ ಗಂಜಿ ಬಿಡುತ್ತಿದ್ದೆ. ಎರಡು ಸೌಟೂ ಬಿದ್ದಿರಲಿಲ್ಲ, ಅಮ್ಮ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದು "ಸಾಕಮ್ಮ" ಎಂದಳು. ಸೌಟು ಹಿಡಿದ ನನ್ನ ಕೈ ಹಾಗೇ ನಿಂತಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವಳ ಮಾತು ಕಡಿಮೆಯಾಗಿದೆ, ಊಟ ಇನ್ನೂ ಕಡಿಮೆ. ಬಾಯಿಂದ ಒಳಗೆ ಹೋಗದಿದ್ದರೆ ಮತ್ತೆ ಮೂಗಿಗೆ ಪೈಪು ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಹಾಗಾಗಿ ಊಟದ ಹೊತ್ತಿಗೆಲ್ಲ ಭಯದಿಂದ ಅವಳ ಗುಟುಕು ಎಣಿಸುತ್ತೇನೆ. ಆದರೆ ಇವತ್ತು ಕೈ ನಿಂತದ್ದು ಆ ಭಯಕ್ಕಲ್ಲ. ಸಾಕಮ್ಮ ಎನ್ನುವುದು ಅಮ್ಮನ ಹೆಸರು. ತನ್ನ ಹೆಸರಿನಿಂದ ಅವಳು ನನ್ನನ್ನು ಕರೆದಂತಿತ್ತು.

ನಮ್ಮ ಕಡೆಯ ಹಳಬರಿಗೆ ಈ ಹೆಸರಿನ ಗುಟ್ಟು ಹೇಳಬೇಕಾಗಿಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಯಲ್ಲಿ, ದೇವರಿಗೆ ಕೇಳಿಸಲಿ ಎಂದು ಇಡುತ್ತಿದ್ದ ಹೆಸರು ಅದು: ಹೆಣ್ಣು ಸಾಕು. ಅಮ್ಮ ನಾಲ್ಕನೆಯವಳು. ದೇವರಿಗೆ ಕೇಳಿಸಿತೋ ಏನೋ, ಅವಳ ಬೆನ್ನಿಗೆ ಗಂಡು ಹುಟ್ಟಿತು. ಹೆಸರು ಮಾತ್ರ ಇವಳಿಗೆ ಉಳಿಯಿತು. ಹೊಸಬರು ಹೆಸರು ಕೇಳಿದರೆ ನನ್ನನ್ನು ಮುಂದೆ ತಳ್ಳಿ "ಇವಳಮ್ಮ ಅನ್ನಿ, ಸಾಕು" ಅನ್ನುತ್ತಿದ್ದಳು. ತಪ್ಪಿಸಿಕೊಳ್ಳಲು ಹೋದಲ್ಲೂ ಆ ಪದ ಅವಳನ್ನು ಬಿಡುತ್ತಿರಲಿಲ್ಲ. ಅಪ್ಪನಿಗೆ ಅವಳು ಬರೀ "ಏಯ್, ಇವಳೇ."

ತೊಂಬತ್ತರ ದಶಕದ ಮಾತು. ಪೀಣ್ಯದ ನಮ್ಮ ಹೊಲ ಕಾರ್ಖಾನೆಗಳಿಗೆ ಹೋಗಿ, ಉಳಿದ ಜಾಗದಲ್ಲಿ ಅಪ್ಪ ಸಾಲಾಗಿ ನಾಲ್ಕು ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಹಿತ್ತಲಲ್ಲಿ ಒಂದು ಹಸು. ಕಾಂಪೌಂಡಿನ ಆಚೆ ಹಗಲಿಡೀ ಲೇತ್ ಯಂತ್ರದ ಸದ್ದು. ಕೊನೆಯ ಮನೆಗೆ ಒಕೆಲ್ಲೊ ಬಂದ. ಉಗಾಂಡದವನು, ಕಾರ್ಖಾನೆಯ ಅಚ್ಚು ಮಾಡುವ ಟೂಲ್ ಅಂಡ್ ಡೈ ಕೋರ್ಸು ಓದಲು ಬಂದಿದ್ದ. ಅಮ್ಮನ ಬಾಯಲ್ಲಿ ಎರಡೇ ದಿನಕ್ಕೆ ಒಕ್ಕಲಪ್ಪನಾದ.

ಬಾಡಿಗೆಯ ಮಾತಿನಲ್ಲಿ ಊಟ ಇರಲಿಲ್ಲ. ಒಂದು ಸಂಜೆ ಅವನು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು, ಬಾಳೆಹಣ್ಣು ತಿನ್ನುವುದನ್ನು ಅಮ್ಮ ನೋಡಿದಳು.

"ಅಷ್ಟೆತ್ತರದ ಆಳು ಬ್ರೆಡ್ ತಿಂದು ಬದುಕ್ತಾನೇನೇ? ಅದು ಕಾಯ್ಲೆ ಬಿದ್ದೋರು ತಿನ್ನೋದು. ಒಳಕ್ಕೆ ಕರಿ ಓಗು."

ಪಿಯುಸಿಯಲ್ಲಿದ್ದ ನನಗೆ ಇಂಗ್ಲಿಷು ಬರೆಯಲು ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವನೆದುರು ನಿಂತು "ಕಮ್. ಈಟ್" ಎಂದೆ. ಕರೆದೆನೋ ಗದರಿಸಿದೆನೋ ತಿಳಿಯದೆ ಪಾಪ ಎದ್ದು ಬಂದ.

ತಟ್ಟೆಯಲ್ಲಿ ಮುದ್ದೆ ಕಂಡು ಅವನ ಮುಖ ಅರಳಿತು. ಅವನ ಊರಲ್ಲೂ ರಾಗಿ ಹಿಟ್ಟನ್ನು ಹೀಗೇ ಗಟ್ಟಿಯಾಗಿ ಬೇಯಿಸುತ್ತಾರಂತೆ. ಬೆರಳಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಸಾರು ತುಂಬಿಕೊಂಡು ಬಾಯಿಗಿಟ್ಟ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅಗಿದ.

"ಅಯ್ಯೋ, ಅಗೀಬ್ಯಾಡ ಕಣಪ್ಪಾ, ನುಂಗು!" ಎಂದು ಅಮ್ಮ ತನ್ನ ಗಂಟಲು ಮುಟ್ಟಿ ತೋರಿಸಿದಳು.

ತೊಡಕು ಶುರುವಾದದ್ದು ತಟ್ಟೆ ಖಾಲಿಯಾದ ಮೇಲೆ. ಬಡಿಸಿದ್ದನ್ನು ಉಳಿಸಿದರೆ ಬಡಿಸಿದವರಿಗೆ ಅವಮಾನ ಎಂದು ಅವನ ಮನೆಯಲ್ಲಿ ಕಲಿಸಿದ್ದರು. ಉಣ್ಣುವವನ ತಟ್ಟೆ ಖಾಲಿ ಕಂಡರೆ ಅಮ್ಮನಿಗೆ ಅವಮಾನ. ಅವನು ಮುಗಿಸಿದನೆಂದು ಇವಳು ಇಟ್ಟಳು. ಇವಳು ಇಟ್ಟಳೆಂದು ಅವನು ಮುಗಿಸಿದ. ಇಬ್ಬರ ಮರ್ಯಾದೆಯ ನಡುವೆ ಅವನ ಹೊಟ್ಟೆ ಸಿಕ್ಕಿಕೊಂಡಿತು. ಕೆಲವೇ ದಿನಗಳಲ್ಲಿ ಅವನು ಊಟದ ಹೊತ್ತು ತಪ್ಪಿಸಿ, ಶೂ ಕೈಯಲ್ಲಿ ಹಿಡಿದು, ನಮ್ಮ ಬಾಗಿಲು ದಾಟತೊಡಗಿದ. ಅಮ್ಮ ಮುದ್ದೆ ಮುಚ್ಚಿಟ್ಟು ಕಾದಳು.

"ನನ್ನ ಕೈಯಡಿಗೆ ಇಡಿಸ್ಲಿಲ್ಲ ಅಂತ ಕಾಣ್ತದೆ. ಬಲವಂತ ಬ್ಯಾಡ ಬಿಡು" ಎಂದಳು, ನನ್ನ ಮುಖ ನೋಡದೆ.

ನಾನೇ ಹೋಗಿ ಅವನನ್ನು ಕೇಳಿದೆ. ನಿನ್ನ ತಾಯಿಗೆ ಇಲ್ಲ ಅನ್ನುವ ಧೈರ್ಯ ನನಗಿಲ್ಲ, ಮರ್ಯಾದೆಯಾಗಿ ನಿಲ್ಲಿಸುವ ಒಂದು ಪದ ಹೇಳಿಕೊಡು ಎಂದು ತನ್ನ ಇಂಗ್ಲಿಷಿನಲ್ಲಿ ಬೇಡಿಕೊಂಡ. 'ಸಾಕು' ಹೇಳಿಕೊಟ್ಟೆ. ದೊಡ್ಡವರಿಗೆ ಬರೀ ಸಾಕು ಅನ್ನಬಾರದು, ಕೊನೆಗೆ ಅಮ್ಮ ಸೇರಿಸು ಎಂದೂ ಹೇಳಿದೆ. ಹುಟ್ಟಿದಾಗಿನಿಂದ ಕನ್ನಡ ಆಡುತ್ತಿದ್ದವಳ ಬುದ್ಧಿವಂತಿಕೆ ನೋಡಿ.

ಮಾರನೆಯ ದಿನ ಊಟಕ್ಕೆ ಕೂತ. ಎರಡನೆಯ ಮುದ್ದೆ ಬರುವುದನ್ನು ಕಂಡು ಎರಡೂ ಕೈ ತಟ್ಟೆಗೆ ಅಡ್ಡ ಇಟ್ಟು, ಗಟ್ಟಿಯಾಗಿ ಕೂಗಿದ: "ಸಾಕಮ್ಮ!"

ಅಪ್ಪನಿಗೆ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಲೇ ಮಗಾ, ನಾನು ಇಪ್ಪತ್ತು ವರ್ಷದಿಂದ ಕರೆಯಾಕೆ ಎದರ್ತಿರೋ ಎಸರು ಕಣೋ ಅದು!" ಎಂದು ನಕ್ಕ. ಅಮ್ಮ ನಗಲಿಲ್ಲ. ಮುದ್ದೆಯನ್ನು ಪಾತ್ರೆಗೆ ವಾಪಸ್ಸು ಹಾಕಿ ಒಳಗೆ ಹೋದಳು. ನಾನು ಒಕೆಲ್ಲೊಗೆ ಆ ಹೆಸರಿನ ಕಥೆ ಮೆಲ್ಲಗೆ ಹೇಳಿದೆ. ಅಂದು ಮೊದಲ ಸಲ ಅವನ ತಟ್ಟೆಯಲ್ಲಿ ಊಟ ಉಳಿಯಿತು.

ಆಮೇಲೆ ಅವನು ಊಟಕ್ಕೆ ತಪ್ಪದೆ ಬಂದ, ಆದರೆ ಆ ಪದ ಆಡಲಿಲ್ಲ, ಎಲ್ಲವೂ ಕೈಸನ್ನೆ. ಒಂದು ಭಾನುವಾರ ಅಪ್ಪ ಹಿತ್ತಲಲ್ಲಿ ಹಸುವಿನ ಕತ್ತು ತುರಿಸುತ್ತ ಅವನಿಗೆ ಹೇಳುತ್ತಿದ್ದ: "ಇದು ಕರು ಆಗಿದ್ದಾಗ್ಲೇ ತಾಯಿ ಸತ್ತೋಯ್ತು ಕಣೋ. ಇವಳೇ ಸಾಕಿದ್ದು." ಒಕೆಲ್ಲೊ ನನ್ನ ಕಡೆ ತಿರುಗಿ, ಅಮ್ಮ ಹಸು ಬೇಡ ಎಂದರೇ ಎಂದು ಕೇಳಿದ. ಅಲ್ಲ, ಇದು ಬೇರೆ ಸಾಕು, ಕರುವನ್ನೋ ಮಗುವನ್ನೋ ಉಣಿಸಿ ದೊಡ್ಡದು ಮಾಡುವುದು ಎಂದೆ. ಅವನು ಹಸುವಿನ ಕತ್ತಿನ ಮೇಲೆ ಕೈಯಿಟ್ಟು, ಆ ಪದವನ್ನು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡ.

ಮಧ್ಯಾಹ್ನ ತಟ್ಟೆಯ ಮುಂದೆ ಕೂತು, ಅಮ್ಮನನ್ನೇ ನೋಡುತ್ತ, ತನ್ನಲ್ಲಿದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ ಹೇಳಿದ: "ಅಮ್ಮ, ಸಾಕು ಎರಡು ಇದೆ. ಒಂದನೇ ಸಾಕು, ಬೇಡ. ಎರಡನೇ ಸಾಕು, ಊಟ ಕೊಡು, ದೊಡ್ಡದು ಮಾಡು. ನಿಮ್ಮ ಹೆಸರು ಎರಡನೇ ಸಾಕು."

ಹಸು ಸಾಕಿದೆವು, ಕೋಳಿ ಸಾಕಿದೆವು, ದಿನವೂ ಆ ಮಾತು ಆಡಿದೆವು. ಅಮ್ಮನ ಹೆಸರಿನಲ್ಲಿ ಅದು ನಮಗ್ಯಾರಿಗೂ ಕೇಳಿಸಿರಲಿಲ್ಲ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಲ್ಲಿಂದಲೋ ಬಂದು ನನ್ನೆಸರಿಗೆ ಅರ್ಥ ಏಳ್ತಾನಲ್ಲೇ ಇವ್ನು!" ಎಂದು ಅವನ ತಟ್ಟೆಗೆ ಇನ್ನರ್ಧ ಮುದ್ದೆ ಇಟ್ಟಳು. "ಇಂಗಂದ್ಮೇಲೆ ತಿನ್ಲೇಬೇಕು. ಸಾಕ್ತಾ ಇದೀನಲ್ಲ!"

ಅವನು ನನ್ನ ಮುಖ ನೋಡಿದ. ಇದನ್ನು ನಿಲ್ಲಿಸುವ ಪದ ನನ್ನಲ್ಲೂ ಇರಲಿಲ್ಲ.

ಕೋರ್ಸು ಮುಗಿಸಿ ಅವನು ಊರಿಗೆ ಹೋದ ಮೇಲೆ ಆ ಮನೆಗೆ ಹೊಸ ಗಂಡ ಹೆಂಡತಿ ಬಂದರು. "ನಿಮ್ಮ ಹೆಸರೇನಕ್ಕ?" ಎಂದು ಆಕೆ ಕೇಳಿದಾಗ ಅಭ್ಯಾಸಬಲದಿಂದ ನಾನೇ ಮುಂದೆ ಬಂದು ನಿಂತೆ. ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ "ಸಾಕಮ್ಮ" ಎಂದಳು.

ಇವತ್ತು ಅದೇ ಕೈ ಬಟ್ಟಲಿಗೆ ಅಡ್ಡವಾಗಿತ್ತು. ಮಗಳನ್ನೂ ಅಮ್ಮ ಎಂದು ಕರೆಯುವ ಮಾತು ನಮ್ಮದು. ಬೇಡ ಎಂದಳೋ, ಸಾಕು ನನ್ನನ್ನು ಎಂದು ಕೇಳಿದಳೋ ನನಗೆ ತಿಳಿಯಲಿಲ್ಲ. ಗಂಜಿ ಆರುತ್ತಿತ್ತು. ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದೆ: "ಒಂದನೇ ಸಾಕೋ, ಎರಡನೇದೋ?"

ಅಮ್ಮನ ತುಟಿಯ ಒಂದು ತುದಿ ಅಲುಗಿತು.

"ಒಕ್ಕಲಪ್ಪ" ಎಂದಳು, ಅಷ್ಟೇ. ಅಂಗೈ ಬಟ್ಟಲಿನಿಂದ ಸರಿಯಿತು. ನಾನು ಸೌಟು ಬಗ್ಗಿಸಿದೆ.